ಹಿತ್ತಲಿಗೆ ಮರೆ ಬೇಕು, ಯಾವ ಹುಲ್ಲು ಹಚ್ಚಲಿ?

ಹಿತ್ತಲಬಾಗಿಲು, ಧಾರವಾಡ · ಮೇ 9

ಎಲ್ಲರಿಗೂ ನಮಸ್ಕಾರ. ನಮ್ಮದು 40-60ರ ಹಳೇ ಸೈಟು. ಮನೆ ಹಿಂದೆ ಪೂರ್ವಕ್ಕೆ ಸಣ್ಣ ಹಿತ್ತಲಿದೆ. ಒಂದು ಬಟ್ಟೆ ಒಗೆಯೋ ಕಲ್ಲು, ಅದರ ಪಕ್ಕ ಒಂದು ಕಟ್ಟೆ, ಆಮೇಲೆ ಐದಡಿ ಕಂಪೌಂಡ್. ಹಿಂದಿನ ಮನೆಯವರು ಹೋದ ವರ್ಷ ಮೇಲೆ ಎರಡು ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಮೆಟ್ಟಿಲು ಹೊರಗಡೆ, ನಮ್ಮ ಕಂಪೌಂಡಿನ ಉತ್ತರದ ಮೂಲೆಗೇ ಬಂದಿದೆ. ಹತ್ತಿ ಇಳಿಯುವವರಿಗೆ ನಮ್ಮ ಹಿತ್ತಲು ಅಂಗೈಯಲ್ಲಿದ್ದ ಹಾಗೆ ಕಾಣುತ್ತದೆ. ಯಾರದೂ ತಪ್ಪಿಲ್ಲ, ಅವರೂ ಒಳ್ಳೆಯವರೇ.

ಆದರೆ ನಮ್ಮ ಅತ್ತೆಯವರು ನಲವತ್ತು ವರ್ಷದಿಂದ ಬೆಳಿಗ್ಗೆ ಆ ಕಟ್ಟೆ ಮೇಲೆ ಕೂತು, ಎಳೆ ಬಿಸಿಲಿಗೆ ಬೆನ್ನು ಕೊಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಳ್ಳುತ್ತಿದ್ದರು. ಈಗ ಅಡುಗೆಮನೆ ಬಾಗಿಲ ಒಳಗೇ ಕೂತು ಬಾಚಿಕೊಳ್ಳುತ್ತಾರೆ. ಈ ಸಲ ಸಂಡಿಗೆ ಕೂಡ ಒಳಗೆ ಫ್ಯಾನಿನ ಕೆಳಗೆ ಒಣಗಿತು. ಅವರು ಒಂದು ಮಾತೂ ಅಂದಿಲ್ಲ. ನನಗೆ ನೋಡೋಕೆ ಆಗ್ತಾ ಇಲ್ಲ.

ಮರ ಬೇಡ, ಕಂಪೌಂಡಿನ ಪಾಯ ಆಳವಿಲ್ಲ, ಪಕ್ಕದಲ್ಲೇ ಡ್ರೈನೇಜ್ ಪೈಪಿದೆ. ಅದಕ್ಕೆ ಎತ್ತರದ ಹುಲ್ಲು ಹಚ್ಚಬೇಕು ಅಂತಿದ್ದೇನೆ. ಬಿಳಿ ಕುಚ್ಚಿನ ಪಂಪಾಸ್ ಹುಲ್ಲಿನ ಫೋಟೋ ನೋಡಿ ಮನಸ್ಸಾಗಿದೆ. ಮೇಲೆ ಒಂದಡಿ ಕೆಂಪು ಮಸಾರಿ ಮಣ್ಣು, ಕೆಳಗೆ ಕಪ್ಪು ಎರೆ ಮಣ್ಣು. ನಳದ ನೀರು ಐದಾರು ದಿನಕ್ಕೊಮ್ಮೆ. ಬಟ್ಟೆ ಜಾಲಾಡಿದ ನೀರು ದಿನಾ ಎರಡು ಬಕೆಟ್ ಸಿಗುತ್ತದೆ. ಯಾವುದು ಹಚ್ಚಲಿ?

ತಂಬಿಗೆ ನೀರು

ಗ್ರೀನ್ ನೆಟ್ ಕಟ್ಟಿಸಿ. ಒಂದು ದಿನದ ಕೆಲಸ.

ಹಿತ್ತಲಬಾಗಿಲು

ಕಟ್ಟಿಸಿದ್ದೆವು. ಮೊದಲ ಮಳೆಗಾಳಿಗೆ ಹರಿದು ಹೋಯಿತು. ಅದೂ ಅಲ್ಲದೆ ಎದುರಿಗೇ ನೆಟ್ ಕಟ್ಟಿದರೆ ಹಿಂದಿನ ಮನೆಯವರಿಗೆ ಮುಖಕ್ಕೆ ಹೊಡೆದ ಹಾಗೆ ಆಗುತ್ತದೆ. ಗಿಡ ಆದರೆ ಯಾರಿಗೂ ಬೇಜಾರಿಲ್ಲ.

ಮೊದಲ ಮಳೆ, ಹುಬ್ಬಳ್ಳಿ

ಅಕ್ಕಾ, ಪಂಪಾಸ್ ಬೇಡವೇ ಬೇಡ. ನಾನು ಎರಡು ಬುಡ ತಂದಿದ್ದೆ. ಎಲೆ ಅಂಚು ಗರಗಸ. ಮಗಳು ಚೆಂಡು ತೆಗೆಯೋಕೆ ಕೈ ಹಾಕಿದಳು, ಮೂರು ಬೆರಳು ಸೀಳಿ ರಕ್ತ ಬಂತು. ನಿಮ್ಮ ಅತ್ತೆಯವರು ಪಕ್ಕದಲ್ಲೇ ಕೂರುತ್ತಾರೆ ಅಂದಮೇಲೆ ಯೋಚನೆಯೇ ಬೇಡ. ಅದು ಅರ್ಜೆಂಟೀನಾ ಕಡೆಯ ಹುಲ್ಲು. ಒಣ ಎಲೆ ಬುಡದಲ್ಲೇ ರಾಶಿ ನಿಲ್ಲುತ್ತದೆ, ಒಂದು ಕಿಡಿ ಬಿದ್ದರೆ ಸಾಕು.

ಹೈನಿನ ಮನೆ, ಹಾವೇರಿ ಜಿಲ್ಲೆ

ದನದ ಮೇವಿನ ನೇಪಿಯರ್ ಹುಲ್ಲು ಹಚ್ಚಿ ನೋಡ್ರಿ. ಮೂರು ತಿಂಗಳಲ್ಲಿ ಆಳೆತ್ತರ ದಾಟುತ್ತದೆ. ನಮ್ಮ ಕೊಟ್ಟಿಗೆ ಹಿಂದೆ ಹತ್ತಡಿ ಗೋಡೆ ಎದ್ದ ಹಾಗೆ ನಿಂತಿದೆ. ಕಡ್ಡಿ ಬೇಕಂದರೆ ಪುಕ್ಕಟೆ ಕೊಡುತ್ತೇನೆ. ಎರಡು ಕಣ್ಣಿರುವ ತುಂಡು ಊರಿದರೆ ಮುಗೀತು.

ಮೊದಲ ಮಳೆ

ಅಣ್ಣಾ, ನಿಮಗೆ ದನ ಇವೆ, ಕೊಯ್ದು ಹಾಕ್ತೀರಿ. ಇವರ ಮನೆಯಲ್ಲಿ ಕೊಯ್ದಿದ್ದು ಯಾರಿಗೆ? ಕೊಯ್ಯದೆ ಬಿಟ್ಟರೆ ಕೆಳಗೆ ಬರೀ ದಂಟು, ಮೇಲೆ ಮಾತ್ರ ಎಲೆ. ಮಳೆಗಾಳಿಗೆ ಅಡ್ಡ ಬೀಳುತ್ತದೆ. ಎಲೆ ಮೇಲಿನ ರೋಮ ತಾಗಿದರೆ ಮೈಯೆಲ್ಲ ತುರಿಕೆ.

ಹೈನಿನ ಮನೆ

ತುರಿಕೆ ನಿಜ. ನಾನೂ ತುಂಬು ತೋಳಿನ ಅಂಗಿ ಹಾಕಿಕೊಂಡೇ ಕೊಯ್ಯುತ್ತೇನೆ. ಆದರೆ ಅಡ್ಡ ಬೀಳೋದು ನೀವು ಸಾಲು ಒತ್ತಾಗಿ ಹಚ್ಚದಿದ್ದರೆ. ಒಂದೂವರೆ ತಿಂಗಳಿಗೆ ಒಂದು ಕೊಯ್ಲು ಮಾಡಲೇಬೇಕು, ಅದು ಒಪ್ಪಿದೆ. ಹಿತ್ತಲಿಗೆ ಕಷ್ಟವೇ.

ಎರೆಹೊಲ, ಗದಗ

ಬಿದಿರು ಯಾಕೆ ಯಾರೂ ಹೇಳಲಿಲ್ಲ? ಅದೂ ಹುಲ್ಲೇ ಅಲ್ವಾ.

ಕಾಕಾನ ತೋಟ, ಹುಬ್ಬಳ್ಳಿ

ಬಿದಿರಿನ ಮಾತು ಬಂತು, ಹೇಳಿಬಿಡುತ್ತೇನೆ. ಏಳು ವರ್ಷದ ಹಿಂದೆ ಒಂದು ನರ್ಸರಿಯಲ್ಲಿ "ಗೋಲ್ಡನ್ ಬಿದಿರು, ಬಹಳ ಚಂದ, ಹತ್ತಡಿಗೆ ನಿಲ್ಲುತ್ತದೆ" ಅಂತ ಕೊಟ್ಟರು. ಹಳದಿ ಗಣೆ, ಮೇಲೆ ಹಸಿರು ಗೆರೆ. ಚಂದವೇನೋ ಇತ್ತು. ಕಂಪೌಂಡಿನಿಂದ ಎರಡಡಿ ಬಿಟ್ಟು ನಾಲ್ಕು ಹಚ್ಚಿದೆ. ಮೂರನೇ ವರ್ಷಕ್ಕೆ ತೊಡೆ ದಪ್ಪದ ಮೆಳೆ, ನಾಲ್ಕನೇ ವರ್ಷಕ್ಕೆ ಮೂವತ್ತಡಿ. ಐದನೇ ವರ್ಷ ಮಳೆಗಾಲ ಮುಗಿದ ಮೇಲೆ ನೋಡುತ್ತೇನೆ, ಕಂಪೌಂಡಿನ ಗೋಡೆ ಹೊಟ್ಟೆ ಬಂದ ಹಾಗೆ ಉಬ್ಬಿದೆ. ಕಲ್ಲಿನ ಸಂದಿನಲ್ಲಿ ಕಳಲೆ ಮೂತಿ ಹಾಕಿತ್ತು. ಅದನ್ನು ಕೀಳಿಸೋಕೆ ಜೆಸಿಬಿ ಒಳಗೆ ಬರಲಿಲ್ಲ. ಮೂವರು ಆಳು ನಾಲ್ಕು ದಿನ ಹಾರೆ ಹಿಡಿದು ಅಗೆದರು. ಗೋಡೆ ಮತ್ತೆ ಕಟ್ಟಿಸಿದ್ದು ಬೇರೆ.

ಹಾಗಂತ ಎಲ್ಲ ಬಿದಿರೂ ಕೆಟ್ಟದ್ದಲ್ಲ. ಆದರೆ ಎರಡಡಿ ಪಟ್ಟಿಗೆ ಬಿದಿರು ಹಚ್ಚುವವರು ನನ್ನ ಗೋಡೆಯನ್ನು ಒಮ್ಮೆ ನೆನೆಸಿಕೊಳ್ಳಲಿ.

ಕೃಷಿ ಓದಿದವ, ಧಾರವಾಡ

ಕಾಕಾ ಹೇಳಿದ ಬಿದಿರು ದೊಡ್ಡ ಜಾತಿಯದು. ಅದು ನೆಲದೊಳಗೆ ಓಡುವ ಜಾತಿ ಅಲ್ಲ, ಮೆಳೆ ಕಟ್ಟುವ ಜಾತಿಯೇ. ಆದರೆ ಮೆಳೆಯೇ ವರ್ಷ ವರ್ಷ ಅಗಲವಾಗುತ್ತದೆ. ಓಡುವ ಜಾತಿ ಇನ್ನೂ ಬೇರೆ, ಅದು ಪಕ್ಕದ ಮನೆಯಲ್ಲಿ ಮೊಳೆಯುತ್ತದೆ. ಬೇಲಿಗೆ ಅಂತಲೇ ಸಣ್ಣ ಎಲೆಯ ಮೆಳೆ ಬಿದಿರು ಸಿಗುತ್ತದೆ, ಹೆಬ್ಬೆರಳು ದಪ್ಪದ ಗಣೆ, ಹತ್ತರಿಂದ ಹದಿನೈದು ಅಡಿ. ಹಚ್ಚುವುದಾದರೆ ಅದು. ಅದಕ್ಕೂ ನಾಲ್ಕಡಿ ಜಾಗವಾದರೂ ಬೇಕು.

ಎರೆಹೊಲ ಅವರು ಬಿದಿರು ಹುಲ್ಲು ಅಂದಿದ್ದು ಸರಿ. ಕೇಂದ್ರದ 1927ರ ಅರಣ್ಯ ಕಾಯ್ದೆ ಮಾತ್ರ ಅದನ್ನು ಮರ ಅಂತ ಲೆಕ್ಕ ಹಿಡಿದಿತ್ತು. 2017ರಲ್ಲಿ ಆ ವ್ಯಾಖ್ಯೆಯಿಂದ ಬಿದಿರನ್ನು ತೆಗೆದರು. ತೊಂಬತ್ತು ವರ್ಷ ಬೇಕಾಯಿತು.

ಇನ್ನು ನೇಪಿಯರ್. ನಮ್ಮೂರಿಗೂ ಅದಕ್ಕೂ ನಂಟಿದೆ. ಧಾರವಾಡದಲ್ಲಿರುವ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಕೇಂದ್ರದಲ್ಲೇ ಡಿಎಚ್‌ಎನ್-6 ಅನ್ನೋ ತಳಿ ತಯಾರಾಗಿದ್ದು. ಸಂಪೂರ್ಣ ಅಂತ ಅದರ ಹೆಸರು. ಮೇವಿಗೆ ಬಹಳ ಒಳ್ಳೆಯದು. ಮರೆಗೆ ಅಲ್ಲ.

ನನ್ನ ಮತ ಲಾವಂಚಕ್ಕೆ. ಬೇರು ಹತ್ತಡಿವರೆಗೂ ನೆಟ್ಟಗೆ ಕೆಳಗೆ ಇಳಿಯುತ್ತದೆ, ಪಕ್ಕಕ್ಕೆ ಹರಡುವುದಿಲ್ಲ. ಅದಕ್ಕೇ ಗೋಡೆಗೆ ಭಯವಿಲ್ಲ. ನಮ್ಮ ಕಡೆ ಬೆಳೆಸುವ ದಕ್ಷಿಣದ ಲಾವಂಚ ಬೀಜದಿಂದ ಹಬ್ಬುವುದೂ ಇಲ್ಲ. ಎಲೆ ಐದರಿಂದ ಆರಡಿ ನೆಟ್ಟಗೆ ನಿಲ್ಲುತ್ತದೆ. ಗುಂಡ್ಲುಪೇಟೆ ಕಡೆ ರೈತರು ಹೊಲದ ಬದುವಿಗೆ ಇದನ್ನು ತಲೆಮಾರುಗಳಿಂದ ಹಚ್ಚಿಕೊಂಡು ಬಂದಿದ್ದಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಮಣ್ಣು ತಜ್ಞರು ಅದನ್ನು ನೋಡಿದ ಮೇಲೆ ಬೇರೆ ದೇಶಗಳಿಗೂ ಹೇಳಿಕೊಟ್ಟರು. ಎರೆ ಮಣ್ಣು ಬೇಸಿಗೆಗೆ ಬಿರಿದಾಗ ಬೇರೆ ಗಿಡದ ಬೇರು ಹರಿಯುತ್ತವೆ. ಲಾವಂಚ ತಡೆದುಕೊಳ್ಳುತ್ತದೆ. ಜಾಲಾಡಿದ ನೀರಿನ ಉಪ್ಪೂ ಅದಕ್ಕೆ ದೊಡ್ಡದಲ್ಲ. ಮೊದಲ ಸಲದ ಸೋಪಿನ ನೊರೆ ನೀರು ಮಾತ್ರ ಹಾಕಬೇಡಿ.

ಒಂದೇ ತಕರಾರು, ನೆರಳು ಆಗುವುದಿಲ್ಲ. ಬಿಸಿಲು ಬೇಕೇ ಬೇಕು.

ನವಲೂರು ಹುಡುಗಿ

ಹುಲ್ಲು ಅಂದರೆ ಹಾವು. ನಮ್ಮ ಅವ್ವ ಹಿತ್ತಲಲ್ಲಿ ಒಂದು ಕಡ್ಡಿ ಬೆಳೆಯೋಕೆ ಬಿಡುತ್ತಿರಲಿಲ್ಲ.

ಕೃಷಿ ಓದಿದವ

ಹಾವು ಹುಲ್ಲಿಗೆ ಬರಲ್ಲ, ಇಲಿಗೆ ಬರುತ್ತದೆ. ಇಲಿ ಬರೋದು ಬುಡದಲ್ಲಿ ಒಣ ಎಲೆ, ಹಳೇ ಇಟ್ಟಿಗೆ, ಚೀಲ ಬಿದ್ದಿದ್ದರೆ. ಬುಡ ಕಾಣುವ ಹಾಗೆ ಇಟ್ಟುಕೊಂಡರೆ ಆಯಿತು.

ನವಲೂರು ಹುಡುಗಿ

ಹೇಳೋದು ಸುಲಭ. ಕೊಳಕುಮಂಡಲ ಒಣ ಎಲೆಯಲ್ಲಿ ಮಲಗಿದರೆ ಕಣ್ಣಿಗೆ ಕಾಣೋದೇ ಇಲ್ಲ. ನಮ್ಮ ಹಿತ್ತಲಲ್ಲಿ ಅಪ್ಪ ತುಳಿಯೋದು ಒಂದು ಗೇಣಿನಲ್ಲಿ ತಪ್ಪಿತು. ವಯಸ್ಸಾದವರು ಕೂರುವ ಜಾಗ ಇದು. ಸಂಜೆ ಮೇಲೆ ಲೈಟ್ ಇಲ್ಲದೆ ಆ ಕಡೆ ಹೋಗಬಾರದು, ಬುಡದಿಂದ ಒಂದಡಿಯಾದರೂ ಫರಸಿ ಹಾಕಿಸಬೇಕು. ಇಷ್ಟು ಮಾಡಿದರೆ ನಾನು ಸುಮ್ಮನಿರುತ್ತೇನೆ.

ಹಿತ್ತಲಬಾಗಿಲು

ಫರಸಿ ಹಾಕಿಸುತ್ತೇನೆ. ಇದು ನನ್ನ ತಲೆಗೆ ಬಂದೇ ಇರಲಿಲ್ಲ.

ತಂಬಿಗೆ ನೀರು

ನಮ್ಮ ಸೈಟಿನಲ್ಲಿ ಕಾಂಗ್ರೆಸ್ ಹುಲ್ಲೇ ಎದೆ ಮಟ್ಟ ಬೆಳೆದಿದೆ, ಅದಕ್ಕೇನು ಮಾಡೋದು?

ಕೃಷಿ ಓದಿದವ

ಅದು ಹುಲ್ಲೇ ಅಲ್ಲ, ಸೂರ್ಯಕಾಂತಿ ಕುಟುಂಬದ ಕಳೆ. ಹೂ ಬಿಡೋಕೆ ಮುಂಚೆ ಕೀಳಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಮೂಗಿಗೆ ಬಟ್ಟೆ ಕಟ್ಟಿ.

ಎರೆಹೊಲ

ಮತ್ತೆ ವಿಷಯಕ್ಕೆ ಬರೋಣ. ನಮ್ಮದು ಗದಗದ ಹೊರಗೆ, ಗಾಳಿ ಜಾಸ್ತಿ. ಗಾಳಿಯಿಂದ ಕರೆಂಟ್ ತೆಗೆಯೋ ಫ್ಯಾನುಗಳನ್ನು ಸುಮ್ನೆ ಹಾಕಿಲ್ಲ ಇಲ್ಲಿ. ಆಷಾಢದಲ್ಲಿ ಬಳ್ಳಿ ಚಪ್ಪರವೇ ಹಾರಿ ಹೋಗುತ್ತದೆ. ನಾನು ಮಜ್ಜಿಗೆ ಹುಲ್ಲು ಹಚ್ಚಿದ್ದೇನೆ, ಚಹಾಕ್ಕೆ ಹಾಕುತ್ತೇವಲ್ಲ, ಅದೇ. ಗಾಳಿ ಬಂದರೆ ಬಾಗುತ್ತದೆ, ಮತ್ತೆ ಏಳುತ್ತದೆ. ಒಂದೂವರೆ ಅಡಿಗೆ ಒಂದು ಬುಡ. ಮುಟ್ಟಿದರೆ ಕೈಯೆಲ್ಲ ಘಮ. ಮೇಲಾಗಿ ಸೊಳ್ಳೆ ಬರೋದಿಲ್ಲ.

ಮೊದಲ ಮಳೆ

ಸೊಳ್ಳೆ ಬರುತ್ತದೆ ಸರ್. ಎಲೆಯ ಎಣ್ಣೆಗೆ ಸೊಳ್ಳೆ ಓಡುತ್ತದೆ, ನಿಂತ ಗಿಡಕ್ಕಲ್ಲ. ನಮ್ಮಲ್ಲಿ ಹುಲ್ಲಿನ ಬುಡದಲ್ಲೇ ಸೊಳ್ಳೆ ಕೂತಿರುತ್ತವೆ.

ಎರೆಹೊಲ

ಇರಬಹುದು. ನಮ್ಮಲ್ಲಿ ಗಾಳಿಗೇ ಹೋಗುತ್ತವೇನೋ. ಎತ್ತರ ಮಾತ್ರ ನಾಲ್ಕಡಿಯ ಮೇಲೆ ಸಿಕ್ಕಿಲ್ಲ. ಅದನ್ನು ಮೊದಲೇ ಹೇಳಬೇಕಿತ್ತು.

ಸೈಟ್ ಇಂಜಿನಿಯರ್, ಹುಬ್ಬಳ್ಳಿ · ಮೇ 11

ಎಲ್ಲರೂ ಗಿಡದ ಹೆಸರು ಹೇಳುತ್ತಿದ್ದೀರಿ, ಎಷ್ಟು ಎತ್ತರ ಬೇಕು ಅಂತ ಯಾರೂ ಕೇಳಲಿಲ್ಲ. ಅಕ್ಕಾರೆ, ಒಂದು ಟೇಪು ತಗೊಂಡು ನಾಲ್ಕು ಅಳತೆ ಹೇಳಿ. ಮೆಟ್ಟಿಲಿನ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ನಿಂತವರ ಕಣ್ಣು ನೆಲದಿಂದ ಎಷ್ಟು ಎತ್ತರ? ಆ ಮೆಟ್ಟಿಲು ಕಂಪೌಂಡಿನಿಂದ ಎಷ್ಟು ದೂರ? ಅತ್ತೆಯವರು ಕೂರುವ ಕಟ್ಟೆ ಕಂಪೌಂಡಿನಿಂದ ಎಷ್ಟು ದೂರ? ಕೂತಾಗ ಅವರ ತಲೆ ಎಷ್ಟು ಎತ್ತರ?

ಹಿತ್ತಲಬಾಗಿಲು

ಅಳೆದೆ. ಹಿಂದಿನ ಮನೆಯ ಅಕ್ಕನ ಹತ್ತಿರ ಕೇಳಿ ಮೇಲೆ ಹತ್ತಿದ್ದೆ. ಅಲ್ಲಿ ನಿಂತಾಗ ಕಣ್ಣು 15 ಅಡಿ. ಮೆಟ್ಟಿಲು ಕಂಪೌಂಡಿನಿಂದ 6 ಅಡಿ ಆಚೆ. ಕಟ್ಟೆ 10 ಅಡಿ ಈಚೆ. ಕೂತಾಗ ಅತ್ತೆಯವರ ತಲೆ 3 ಅಡಿ. ಕಟ್ಟೆ ಬಹಳ ಗಿಡ್ಡ.

ಸೈಟ್ ಇಂಜಿನಿಯರ್

ಈಗ ಲೆಕ್ಕ ನೋಡಿ. ಕಣ್ಣಿನಿಂದ ತಲೆಗೆ ಒಂದು ದಾರ ಕಟ್ಟಿದ್ದೀರಿ ಅಂದುಕೊಳ್ಳಿ. 16 ಅಡಿ ದೂರದಲ್ಲಿ ಅದು 12 ಅಡಿ ಇಳಿಯುತ್ತದೆ. ಅಂದರೆ ಅಡಿಗೆ ಮುಕ್ಕಾಲು ಅಡಿ. ಕಂಪೌಂಡಿನ ಹತ್ತಿರ ಆ ದಾರ ಹತ್ತೂವರೆ ಅಡಿ ಎತ್ತರದಲ್ಲಿರುತ್ತದೆ. ಅಲ್ಲಿ ಆರಡಿ ಹುಲ್ಲು ಹಚ್ಚಿದರೆ ದಾರ ಅದರ ಮೇಲೆ ಆರಾಮಾಗಿ ಹಾದು ಹೋಗುತ್ತದೆ. ಲಾವಂಚವೂ ಸಾಲದು, ಪಂಪಾಸೂ ಸಾಲದು.

ಅದೇ ಹುಲ್ಲನ್ನು ಕಟ್ಟೆಯಿಂದ ಮೂರಡಿ ದೂರದಲ್ಲಿ ಹಚ್ಚಿ. ಅಲ್ಲಿ ದಾರ ಐದೂಕಾಲು ಅಡಿಗೆ ಬಂದಿರುತ್ತದೆ. ಲಾವಂಚ ಮುಚ್ಚಿಬಿಡುತ್ತದೆ. ಒಂದಡಿ ಮಣ್ಣು ಏರಿಸಿ ಹಚ್ಚಿದರಂತೂ ಚಿಂತೆಯೇ ಇಲ್ಲ. ಹಿತ್ತಲು ಉದ್ದಕ್ಕೂ ಬೇಡ, ಮೆಟ್ಟಿಲು ಮತ್ತು ಕಟ್ಟೆಯ ನಡುವೆ ಹನ್ನೆರಡು ಅಡಿ ಸಾಕು.

ಅವರು ನಿಂತರೆ ಮಾತ್ರ ಅಲ್ಲಿ ಏಳಡಿ ಬೇಕಾಗುತ್ತದೆ. ತಲೆ ಕಾಣುತ್ತದೆ.

ಕಾಕಾನ ತೋಟ

ಇದನ್ನು ಏಳು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನನ್ನ ಗೋಡೆ ಉಳಿಯುತ್ತಿತ್ತು.

ಹಿತ್ತಲಬಾಗಿಲು

ನಿಂತಾಗ ಕಂಡರೆ ಪರವಾಗಿಲ್ಲ. ಕೂತಾಗಲೇ ಬೇಕಾಗಿದ್ದು. ಆದರೆ ಪೂರ್ವಕ್ಕೆ ಮರೆ ಕಟ್ಟಿದರೆ ಎಳೆ ಬಿಸಿಲು ಹೋಗುತ್ತದಲ್ಲಾ? ಬಿಸಿಲಿಗಾಗಿಯೇ ಅವರು ಅಲ್ಲಿ ಕೂರೋದು.

ಸೈಟ್ ಇಂಜಿನಿಯರ್

ಮೆಟ್ಟಿಲು ಉತ್ತರದ ಮೂಲೆಗೆ ಅಂದಿರಿ. ಚಳಿಗಾಲದಲ್ಲಿ ಸೂರ್ಯ ಆಗ್ನೇಯದ ಕಡೆ ಸರಿದು ಹುಟ್ಟುತ್ತಾನೆ. ಮರೆ ಈಶಾನ್ಯಕ್ಕೆ ಮುಖ ಮಾಡಿ ಇರಲಿ, ದಕ್ಷಿಣದ ಕಡೆ ಬಯಲು ಬಿಡಿ. ಬಿಸಿಲು ಬೇಕಾದ ತಿಂಗಳಲ್ಲೇ ಬಿಸಿಲು ಬರುತ್ತದೆ. ಬೇಸಿಗೆಯಲ್ಲಿ ನೆರಳಾದರೆ ಒಳ್ಳೆಯದೇ.

ತಂಬಿಗೆ ನೀರು

ಇಷ್ಟೆಲ್ಲ ಯಾಕೆ? ಹಿಂದಿನ ಮನೆಯವರಿಗೆ ಮೆಟ್ಟಿಲಿಗೆ ಶೀಟು ಹಾಕಿಸಿ ಅಂತ ಹೇಳಿದರೆ ಮುಗೀತಲ್ಲ. ಮೆಟ್ಟಿಲು ಕಟ್ಟಿದವರ ಜವಾಬ್ದಾರಿ ಅದು.

ನವಲೂರು ಹುಡುಗಿ

ಹೇಳಿದ ಮೇಲೆ ಮಾತು ಬೆಳೆಯುತ್ತದೆ. ನಮ್ಮ ಓಣಿಯಲ್ಲಿ ಒಂದು ಕಿಟಕಿ ಸಲುವಾಗಿ ಎರಡು ಮನೆಯವರು ಆರು ವರ್ಷದಿಂದ ಮಾತಾಡಿಲ್ಲ. ಪಂಚಮಿಗೆ ಉಂಡಿ ಸಹ ಕೊಟ್ಟು ತಗೊಳ್ಳೋದಿಲ್ಲ.

ತಂಬಿಗೆ ನೀರು

ಹೇಳುವ ರೀತಿ ಇರುತ್ತದೆ. ನುಂಗಿಕೊಂಡು ಕೂತರೆ ಅದೇ ದೊಡ್ಡದಾಗುತ್ತದೆ. ಈ ಅಕ್ಕ ಮೆಟ್ಟಿಲು ಹತ್ತೋಕೆ ಕೇಳಿದಾಗ ಅವರು ಬೇಡ ಅಂದರಾ? ಇಲ್ಲವಲ್ಲ.

ಹಿತ್ತಲಬಾಗಿಲು

ನಿಜ ಹೇಳಬೇಕಂದರೆ ನಾನು ಮೇಲೆ ನಿಂತಿದ್ದಾಗ ಆ ಅಕ್ಕನೂ ಪಕ್ಕದಲ್ಲಿ ಬಂದು ನಿಂತರು. ಕೆಳಗೆ ಅತ್ತೆಯವರ ಬಾಚಣಿಗೆ ಕಟ್ಟೆ ಮೇಲೆ ಇತ್ತು. "ಇಲ್ಲಿಂದ ಇಷ್ಟು ಕಾಣುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ ನೋಡ್ರಿ" ಅಂದರು. ನಾನೇನೂ ಹೇಳಲಿಲ್ಲ.

ಕೃಷಿ ಓದಿದವ · ಮೇ 12

ಹಾಗಾದರೆ ಲಾವಂಚ ಅಂತ ಇಟ್ಟುಕೊಳ್ಳಿ. ಹಚ್ಚುವ ರೀತಿ ಹೇಳುತ್ತೇನೆ. ಈಗಲೇ ಅಡಿ ಅಗಲ, ಅಡಿ ಆಳದ ಕಾಲುವೆ ತೋಡಿ ಬಿಸಿಲಿಗೆ ಬಿಡಿ. ರೋಹಿಣಿ ಮಳೆ ಬಿದ್ದ ಮೇಲೆ ತಿಪ್ಪೆಗೊಬ್ಬರ ಬೆರೆಸಿ, ತೆಗೆದ ಮಣ್ಣನ್ನೇ ಏರಿಸಿ ಬದು ಕಟ್ಟಿ. ಮಿರಗ ಮಳೆಗೆ ಹಚ್ಚಿ.

ಪಾಲಿಥಿನ್ ಚೀಲದ ಸಸಿ ಬೇಕಿಲ್ಲ. ಹಳೇ ಬುಡ ಸೀಳಿ ಎರಡು ಮೂರು ತೆಂಡೆ (ಬುಡದ ಚಿಗುರು) ಸೇರಿದ ಕಡ್ಡಿ ಮಾಡಿಕೊಳ್ಳಿ. ಮೇಲೆ ಒಂದು ಗೇಣು ಬಿಟ್ಟು ಎಲೆ ಕತ್ತರಿಸಿ, ಬೇರು ಎರಡು ಮೂರು ಇಂಚು ಬಿಡಿ. ಆರಿಂಚಿಗೆ ಒಂದರಂತೆ ಎರಡು ಸಾಲು, ಒಂದರ ಸಂದಿಗೆ ಇನ್ನೊಂದು ಬರಬೇಕು. ಹನ್ನೆರಡು ಅಡಿಗೆ ಐವತ್ತು ಕಡ್ಡಿ ಸಾಕು. ಜನ ತಪ್ಪುವುದು ಇಲ್ಲೇ. ಅಲಂಕಾರದ ಗಿಡ ಅಂತ ಎರಡೆರಡು ಅಡಿಗೆ ಹಚ್ಚುತ್ತಾರೆ, ಆಮೇಲೆ ಸಂದಿ ಸಂದಿ ಕಾಣುತ್ತದೆ ಅಂತಾರೆ.

ಮೊದಲ ಮೂರು ತಿಂಗಳು ಮಳೆ ತಪ್ಪಿದರೆ ನೀರು ಕೊಡಿ. ದಸರಾ ಹೊತ್ತಿಗೆ ಸೊಂಟದ ಮಟ್ಟ ಬರಬಹುದು. ಪೂರಾ ಮರೆ ಆಗೋದು ಮುಂದಿನ ವರ್ಷವೇ, ಅದನ್ನು ಮೊದಲೇ ಮನಸ್ಸಿಗೆ ಹೇಳಿಕೊಳ್ಳಿ. ವರ್ಷಕ್ಕೊಮ್ಮೆ ಮಳೆ ಶುರುವಿಗೆ ಮೊಣಕಾಲ ಮಟ್ಟಕ್ಕೆ ಕತ್ತರಿಸಬೇಕು, ಇಲ್ಲದಿದ್ದರೆ ಒಳಗೆ ಒಣ ಎಲೆ ತುಂಬುತ್ತದೆ.

ಹಿತ್ತಲಬಾಗಿಲು

ಸರ್, ಕತ್ತರಿಸಿದ ಮೇಲೆ ಆ ಎರಡು ಮೂರು ತಿಂಗಳು ಮರೆ ಇರೋದಿಲ್ಲವಲ್ಲ?

ಅಜ್ಜಿಮನೆ, ಹಾನಗಲ್

ನಾನು ಮಾಡೋದು ಹೇಳಲಾ? ಎರಡು ಸಾಲಿದೆಯಲ್ಲ, ಒಂದು ಸಾಲು ಜೂನಿನಲ್ಲಿ ಕತ್ತರಿಸ್ತೇನೆ. ಅದು ಎದ್ದು ನಿಂತ ಮೇಲೆ ಇನ್ನೊಂದನ್ನು ಕತ್ತರಿಸ್ತೇನೆ. ಯಾವತ್ತೂ ಬೋಳು ಕಾಣಲ್ಲ. ಕತ್ತರಿಸಿದ ಎಲೆಯನ್ನು ಮಲ್ಲಿಗೆ ಬುಡಕ್ಕೆ ಹೊದಿಸ್ತೇನೆ, ಗೆದ್ದಲು ಬೇಗ ಹತ್ತಲ್ಲ.

ಕೃಷಿ ಓದಿದವ

ಇದು ನನಗೆ ಹೊಳೆದಿರಲಿಲ್ಲ ಅಕ್ಕಾ. ಬಹಳ ಒಳ್ಳೇ ಉಪಾಯ.

ಎರೆಹೊಲ

ಬೇಸಿಗೆಯಲ್ಲಿ ಆ ಬೇರನ್ನು ಗಡಿಗೆ ನೀರಿಗೆ ಹಾಕುತ್ತಾರಲ್ಲ, ಅದೇ ಲಾವಂಚ ತಾನೇ? ನಮ್ಮಲ್ಲಿ ಬಾಳದ ಬೇರು ಅಂತೇವೆ.

ಅಜ್ಜಿಮನೆ

ಅದೇ. ಒಂದು ಹಿಡಿ ಬೇರು ತೊಳೆದು, ದಾರ ಸುತ್ತಿ, ಹೊಸ ಗಡಿಗೆಯಲ್ಲಿ ಇಡಿ. ಎರಡು ದಿನಕ್ಕೊಮ್ಮೆ ತೆಗೆದು ಬಿಸಿಲಿಗೆ ಒಣಗಿಸಿ. ಆದರೆ ಬೇರು ಬೇಕಂದರೆ ಬುಡ ಪೂರಾ ಅಗೆಯಬೇಕು, ಮರೆಯ ಸಾಲಿಗೆ ಕೈ ಹಚ್ಚಬೇಡಿ. ಬೇರೆ ಒಂದು ಬುಡ ಸಿಮೆಂಟ್ ಚೀಲದಲ್ಲಿ ಬೆಳೆಸಿ, ವರ್ಷದ ಮೇಲೆ ಚೀಲ ಸೀಳಿದರೆ ಬೇರು ಮುರಿಯದೆ ಸಿಗುತ್ತದೆ.

ಮೊದಲ ಮಳೆ

ಕುಚ್ಚು ಬೇಕು ಅನ್ನೋ ಆಸೆ ಇದ್ದರೆ ಅಕ್ಕಾ, ಮುಂದೆ ಒಂದು ಸಾಲು ನೇರಳೆ ಫೌಂಟೇನ್ ಹುಲ್ಲು ಹಚ್ಚಿ. ಮೂರು ನಾಲ್ಕು ಅಡಿ, ನರಿ ಬಾಲದ ಹಾಗೆ ಕುಚ್ಚು. ನೇರಳೆಯದೇ ಕೇಳಿ ತಗೊಳ್ಳಿ, ಅದು ಬೀಜದಿಂದ ಹಬ್ಬೋದಿಲ್ಲ. ಹಸಿರಿನದು ಗಾಳಿಗೆ ಬೀಜ ಹಾರಿ ಎಲ್ಲೆಲ್ಲೂ ಏಳುತ್ತದೆ, ಹವಾಯಿಯಲ್ಲಿ ಅದೇ ದೊಡ್ಡ ಕಾಟವಾಗಿದೆ.

ಹಿತ್ತಲಬಾಗಿಲು · ಜೂನ್ 16

ಹಚ್ಚಿದೆವು. ಹಾನಗಲ್ಲಿನ ಅಕ್ಕ ಬಸ್ಸಿನಲ್ಲಿ ಚೀಲ ಕಳಿಸಿದ್ದರು, ಐವತ್ತು ಅಂತ ಹೇಳಿ ಅರವತ್ತೆರಡು ಕಡ್ಡಿ ಇದ್ದವು. ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿದ್ದರಿಂದ ಒಂದೂ ಬಾಡಿರಲಿಲ್ಲ. ಬದುವಿನ ಬುಡಕ್ಕೆ ಫರಸಿ ಹಾಕಿಸಿದೆ. ಹುಲ್ಲು ಏಳುವವರೆಗೂ ಎರಡು ಕಂಬ ನೆಟ್ಟು ಹಳೇ ಸೀರೆ ಕಟ್ಟಿದ್ದೇನೆ, ಕಟ್ಟೆಯಿಂದ ಮೂರಡಿಗೆ, ಐದೂವರೆ ಅಡಿ ಎತ್ತರ. ಮೇಲಿನ ಮೆಟ್ಟಿಲಿನಿಂದ ನೋಡಿ ಬಂದೆ. ಕಟ್ಟೆ ಕಾಣಲಿಲ್ಲ.

ನಿನ್ನೆ ಬೆಳಿಗ್ಗೆ ಮಳೆ ಬಿಟ್ಟು ಬಿಸಿಲು ಬಂದಿತ್ತು. ಅತ್ತೆಯವರು ಎಣ್ಣೆ ಬಟ್ಟಲು ಹಿಡಿದು ಹೊರಗೆ ಹೋದರು. ಕೂರುವ ಮೊದಲು ಒಂದೊಂದೇ ಕಡ್ಡಿಯ ಬುಡ ಒತ್ತಿ ನೋಡಿದರು. ಎರಡು ಸಡಿಲ ಇದ್ದವು, ಮಣ್ಣು ಎಳೆದು ತುಳಿದರು.

ಸೈಟ್ ಇಂಜಿನಿಯರ್

ಬಹಳ ಸಂತೋಷ ಅಕ್ಕಾರೆ. ಬದುವಿನ ನೀರು ಮನೆ ಪಾಯದ ಕಡೆ ಹರಿಯದ ಹಾಗೆ ಸ್ವಲ್ಪ ಇಳಿಜಾರು ಕೊಡಿ.

ನವಲೂರು ಹುಡುಗಿ

ಲೈಟ್ ಹಾಕಿಸಿದಿರಾ?

ಹಿತ್ತಲಬಾಗಿಲು

ಈ ವಾರ ಹಾಕಿಸುತ್ತೇನೆ. ಉಳಿದ ಹನ್ನೆರಡು ಕಡ್ಡಿಯಲ್ಲಿ ಆರನ್ನು ಹಿಂದಿನ ಮನೆಯ ಅಕ್ಕ ಕೇಳಿ ತಗೊಂಡರು, ಮೆಟ್ಟಿಲ ಕೆಳಗೆ ಹಚ್ಚುತ್ತಾರಂತೆ. ಇನ್ನೂ ಆರು ಇವೆ. ಧಾರವಾಡದೊಳಗೆ ಯಾರಿಗಾದರೂ ಬೇಕಾ? ಒಂದು ಬಕೆಟ್ ನೀರಿನಲ್ಲಿ ಇಟ್ಟಿದ್ದೇನೆ, ಭಾನುವಾರದವರೆಗೂ ತಡೆಯುತ್ತವೆ.

ತಂಬಿಗೆ ನೀರು

ನನಗೆ ಬೇಕು. ಕಾಂಗ್ರೆಸ್ ಕಿತ್ತು ಜಾಗ ಮಾಡಿದ್ದೇನೆ.